ಸ್ತಮೆನಾಳ ಜೊತೆ ಕಳಿಸುವ ಸಾಮಾನು

ಬುದಿಮಿರ ಪೀಪಾಯಿಯ ಮೇಲೆ ಬಗ್ಗಿ, ಹುದುಗೇಳುತ್ತಿದ್ದ ಪ್ಲಮ್ ಹಣ್ಣಿನ ರಾಡಿಯನ್ನು ಮರದ ಹುಟ್ಟಿನಿಂದ ಕೆಳಗುಮೇಲು ಮಾಡುತ್ತಿದ್ದ. ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ತೋಟದ ಅರ್ಧ ಮರಗಳನ್ನು ಇನ್ನೂ ಅಲುಗಿಸಿರಲಿಲ್ಲ. ಹಣ್ಣು ತಾನಾಗಿಯೇ ಹುಲ್ಲಿನ ಮೇಲೆ ಉದುರುತ್ತಿತ್ತು, ಕಣಜಗಳು ಮುತ್ತುತ್ತಿದ್ದವು. ಹೆಂಡತಿ ಸ್ತಮೆನಾ ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದಳು. ನಿನ್ನೆ ಬೆಳಿಗ್ಗೆ ಬಾವಿಯ ಹತ್ತಿರ ಸುಸ್ತೆಂದು ಕೂತವಳು ಮತ್ತೆ ಏಳಲಿಲ್ಲ. ಇವತ್ತು ಮಧ್ಯಾಹ್ನ ಮಣ್ಣು. ಆದರೆ ಹುದುಗಿಗಿಟ್ಟ ಹಣ್ಣಿಗೆ ಸಾವಿನ ಸುದ್ದಿ ಗೊತ್ತಾಗುವುದಿಲ್ಲ. ಬೆಳಿಗ್ಗೆ ಒಂದು ಸಲ ಕಲಕದಿದ್ದರೆ ಮೇಲೆ ಕೆನೆಗಟ್ಟಿ, ಹುಳಿ ಹಿಡಿದು, ರಾಕಿಯಾ ಸಾರಾಯಿ ಇಳಿಸಲು ಬಾರದ ಹಾಗಾಗುತ್ತದೆ.

ಪಕ್ಕದ ಮನೆಯ ಮುದುಕಿ ಕ್ರುನಿಯಾ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. ಸಾವಿನ ಮನೆಯಲ್ಲಿ ಹಂಚುವ ಗೋಧಿಯನ್ನು ಬೇಯಿಸಿ, ಸಕ್ಕರೆ, ಆಕ್ರೋಟು ಕಲಸುತ್ತಿದ್ದವಳು ಅವಳೇ.

"ಅದನ್ನ ಬಿಡೋ ಇನ್ನ. ಪಾದ್ರಿ ಬರೋ ಹೊತ್ತಾಯ್ತು. ಅವಳ ಜೊತೆ ಏನ್ ಕಳಿಸ್ತೀಯ, ತೆಗೆದಿಟ್ಟಿದೀಯಾ?"

ಆ ಊರಲ್ಲಿ ಸತ್ತವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಬಾಚಣಿಗೆ, ಕನ್ನಡಕ ಎಲ್ಲರಿಗೂ ಇದ್ದದ್ದೇ. ಅದರ ಮೇಲೆ, ಆ ಜೀವ ಯಾವುದನ್ನು ಎಲ್ಲಕ್ಕಿಂತ ಹಚ್ಚಿಕೊಂಡಿತ್ತೋ ಅಂಥ ಒಂದು ವಸ್ತು. ಮರೆತರೆ, ಅಥವಾ ತಪ್ಪು ವಸ್ತು ಇಟ್ಟರೆ, ಸತ್ತವರು ಕನಸಿನಲ್ಲಿ ಬಂದು ಕೇಳುತ್ತಾರೆ. ಆಮೇಲೆ ಊರಲ್ಲಿ ಮುಂದೆ ಯಾರು ಸಾಯುತ್ತಾರೋ ಅವರ ಪೆಟ್ಟಿಗೆಯಲ್ಲಿಟ್ಟು ಅದನ್ನು ಕಳಿಸಿಕೊಡಬೇಕು. ಕ್ರುನಿಯಾಳ ಗಂಡ ತನ್ನ ಹೊಗೆಸೊಪ್ಪಿನ ಕೊಳವೆಗಾಗಿ ಮತ್ತೆ ಮತ್ತೆ ಬಂದು ಅವಳ ನಿದ್ದೆ ಕೆಡಿಸಿದ್ದನಂತೆ. ಕೊನೆಗೆ ಅದು ಹೋದದ್ದು ಹೊಗೆ ಕಂಡರಾಗದ ಒಬ್ಬ ದರ್ಜಿಯ ಜೊತೆ. ದಾರಿಯಲ್ಲೇ ಎಸೆದಿರುತ್ತಾನೆ ಎಂದು ಊರು ಇವತ್ತಿಗೂ ನಗುತ್ತದೆ.

ಬುದಿಮಿರ ಕೈ ಒರೆಸಿಕೊಂಡು ಬಾಗಿಲ ಪಕ್ಕದ ಗೋಡೆ ನೋಡಿದ. ಮೂರು ಮೊಳೆ. ಒಂದರಲ್ಲಿ ಕಲ್ಲು ಒಡೆಯುವ ಪುಟ್ಟ ಸುತ್ತಿಗೆ, ಒಂದರಲ್ಲಿ ದಾರ ಕಟ್ಟಿದ ಭೂತಗನ್ನಡಿ, ಒಂದರಲ್ಲಿ ಹಿತ್ತಾಳೆಯ ದುರ್ಬೀನು. ಸ್ತಮೆನಾ ಊರ ಶಾಲೆಯಲ್ಲಿ ವಿಜ್ಞಾನದ ಟೀಚರಾಗಿದ್ದಳು. ಗಿಡ, ಕಲ್ಲು, ಆಕಾಶ, ಎಲ್ಲವನ್ನೂ ಅವಳೊಬ್ಬಳೇ ಹೇಳಿಕೊಡುತ್ತಿದ್ದಳು. ಮಕ್ಕಳಿಲ್ಲದೆ ಶಾಲೆ ಮುಚ್ಚಿದಾಗ ಅಲ್ಲಿಂದ ಮನೆಗೆ ತಂದದ್ದು ಈ ಮೂರನ್ನೇ.

"ಇದರಲ್ಲಿ ಯಾವುದು ಅಂತ ನಂಗೊತ್ತಿಲ್ಲ" ಎಂದ.

"ಇಷ್ಟು ವರ್ಷ ಒಂದೇ ಹಾಸಿಗೇಲಿ ಮಲಗಿ ಗೊತ್ತಿಲ್ವಾ?"

"ಹಾಸಿಗೇಲಿ ಯಾರು ವಿಜ್ಞಾನ ಮಾತಾಡ್ತಾರೆ ಅಕ್ಕಾ?"

*

ಮದುವೆಯಾದ ವರ್ಷದ ಮೊದಲ ಭಟ್ಟಿ. ಹಂಡೆಯ ಕೆಳಗೆ ಬೆಂಕಿ, ಕೊಳವೆಯ ತುದಿಯಲ್ಲಿ ಹನಿ. ಪಟ್ಟಣದಿಂದ ಬಂದ ಹೊಸ ಹೆಂಡತಿ ಮೊಣಕಾಲು ತಬ್ಬಿಕೊಂಡು ಮಣೆಯ ಮೇಲೆ ಕೂತಿದ್ದಳು.

"ನಿನ್ನನ್ನ ಯಾರಾದ್ರೂ ಓದಿಸಿದ್ರೆ ಯಾವ ವಿಜ್ಞಾನ ಓದ್ತಿದ್ದೆ? ಕಲ್ಲಾ, ಗಿಡಾನಾ, ನಕ್ಷತ್ರಾನಾ, ಇನ್ನೇನಾದ್ರೂನಾ?"

"ದನಕ್ಕೆ ಹುಲ್ಲು ಹಾಕೋ ವಿಜ್ಞಾನ."

"ತಮಾಷೆ ಬೇಡ. ಯಾವುದು, ಯಾಕೆ, ಎರಡೂ ಹೇಳ್ಬೇಕು."

"ನಿಂದು ಯಾವುದು? ಅದನ್ನ ಹೇಳು."

"ಮೊದ್ಲು ನೀನು. ನೀನು ಹೇಳಿದ ದಿನ ನಾನೂ ಹೇಳ್ತೀನಿ."

ಬೆಂಕಿ ಇಳಿದಿತ್ತು. ಅವನು ಸೌದೆ ತರಲು ಎದ್ದ. ಆಮೇಲೆ ಹಲವು ವರ್ಷ, ಹಂಡೆ ಒಲೆಗೇರಿದಾಗಲೆಲ್ಲ, ನಿನ್ನಿಂದ ಒಂದು ಉತ್ತರ ಬಾಕಿ ಇದೆ ಎನ್ನುತ್ತಿದ್ದಳು. ಬರುವ ವರ್ಷ ಎನ್ನುತ್ತಿದ್ದ ಅವನು. ಯಾವುದೋ ಒಂದು ವರ್ಷ ಅವಳು ಕೇಳುವುದನ್ನು ಬಿಟ್ಟಳು. ಮರೆತಿರಬೇಕು ಎಂದುಕೊಂಡ.

*

ಅಂಗಳದ ಆಕ್ರೋಟು ಮರದ ಕೆಳಗೆ ಜನ ಸೇರಿದ್ದರು. ರಾಕಿಯಾದ ಲೋಟಗಳನ್ನು ಯಾರೂ ಒಂದಕ್ಕೊಂದು ತಾಕಿಸಲಿಲ್ಲ. ಸತ್ತವಳ ಹೆಸರಿಗೆ ಒಂದೊಂದು ಹನಿ ನೆಲಕ್ಕೆ ಚೆಲ್ಲಿ ಕುಡಿದರು. ಬುದಿಮಿರ ಮೂರು ಸಾಮಾನನ್ನೂ ತಂದು ಮೇಜಿನ ಮೇಲಿಟ್ಟು, ಅವಳ ಹತ್ತಿರ ಓದಿದವರನ್ನು ಕೇಳಿದ. ಯಾರನ್ನೂ ಏನೂ ಕೇಳಿ ಅಭ್ಯಾಸವಿಲ್ಲದವನು. ಕೇಳುವಾಗ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

ಬಾವಿ ತೋಡುವ ಮಿಲುತಿನ್ ಸುತ್ತಿಗೆ ಎತ್ತಿಕೊಂಡ. "ಕಲ್ಲು, ಮಾವ. ಅದನ್ನೇನ್ ಕೇಳ್ತೀಯ?"

ಹುಡುಗನಾಗಿದ್ದಾಗ ಅಪ್ಪನ ಹೊಲದಲ್ಲಿ ಅವನಿಗೆ ಕಲ್ಲಾದ ಒಂದು ಕಪ್ಪೆಚಿಪ್ಪು ಸಿಕ್ಕಿತ್ತು. ಒಂದಾನೊಂದು ಕಾಲಕ್ಕೆ ಇಲ್ಲಿ ಸಮುದ್ರವಿತ್ತು ಎಂದಿದ್ದಳು ಟೀಚರಮ್ಮ. ಅವನು ಓಡಿಹೋಗಿ ನಮ್ಮ ಎಲೆಕೋಸಿನ ಕೆಳಗೆ ಸಮುದ್ರ ಇದೆ ಎಂದು ಹೇಳಿ ಅಮ್ಮನಿಂದ ಹೊಡೆತ ತಿಂದಿದ್ದ. ಇವತ್ತಿಗೂ ಹೊಸ ಬಾವಿಗೆ ಮೊದಲ ಹಾರೆ ಹಾಕುವಾಗ, ಕೆಳಗೇನಿದೆಯೋ ಎಂದು ಎದೆ ಹೊಡೆದುಕೊಳ್ಳುತ್ತದಂತೆ.

"ನಿಂಗೆ ಕಲ್ಲು ಸರಿಹೋಯ್ತು ಬಿಡು. ಕರೆದ್ರೆ ಅದೂ ಅಲ್ಲಾಡಲ್ಲ, ನೀನೂ ಅಲ್ಲಾಡಲ್ಲ" ಎಂದಳು ಯಾಗೊದಾ. ಪಟ್ಟಣದ ಆಸ್ಪತ್ರೆಯಲ್ಲಿ ನರ್ಸಾಗಿರುವವಳು. ಭೂತಗನ್ನಡಿಯನ್ನು ಕಪ್ಪು ಅಂಗಿಯ ತೋಳಿನಿಂದಲೇ ಒರೆಸಿದಳು. ಟೀಚರಮ್ಮನಿಗೆ ಗಿಡವೇ ಪ್ರಾಣ ಎಂದಳು. ಚಿಕ್ಕವಳಿದ್ದಾಗ ಯಾಗೊದಾ ಚಳಿಗಾಲವಿಡೀ ಕಾಯಿಲೆ ಮಲಗಿದ್ದಳು. ಸ್ತಮೆನಾ ತಟ್ಟೆಯಲ್ಲಿ ಒಣಗಿ ಕಂದುಗಟ್ಟಿದ ಪಾಚಿ ತಂದು, ಈ ಭೂತಗನ್ನಡಿ ಕೊಟ್ಟು, ಒಂದು ಹನಿ ನೀರು ಬಿಟ್ಟಿದ್ದಳು. "ಸತ್ತೇಹೋಗಿದೆ ಅಂದ್ಕೊಂಡಿದ್ದೆ ಮಾವ. ನೋಡ್ತಾ ನೋಡ್ತಾ ಹಸಿರಾಗಿ ಬಿಚ್ಕೊಂಡ್ತು. ಅವತ್ತಿಂದ ನಂಗೆ ಬೇರೆ ಏನೂ ರುಚಿಸ್ಲಿಲ್ಲ."

ಪಾದ್ರಿ ಗವ್ರಿಲೊ ಬಂದವರು ಕೂರುವ ಮೊದಲೇ ದುರ್ಬೀನನ್ನು ಕಣ್ಣಿಗಿಟ್ಟು ಮರದ ತುದಿ ನೋಡಿದರು. ಅವರೂ ಅವಳ ಶಿಷ್ಯರೇ. ಅವರ ಅಪ್ಪ, ಚಿಕ್ಕಪ್ಪ ಒಂದು ಬೇಲಿಗಾಗಿ ಸಾಯುವ ತನಕ ಮಾತು ಬಿಟ್ಟಿದ್ದವರು. "ಇದರಲ್ಲಿ ಮೊದಲ ಸಲ ಚಂದ್ರನ್ನ ನೋಡ್ದೆ. ಅಷ್ಟೊಂದು ಜಾಗ, ಗುಡ್ಡ, ಬಯಲು. ಬೇಲಿ ಹುಡುಕ್ದೆ, ಒಂದೂ ಇಲ್ಲ" ಎಂದರು. "ಟೀಚರಮ್ಮಂಗೂ ಅದೇ ಇಷ್ಟ ಅಂತ ನಾನು."

ಮೂವರ ಮುಖವೂ ಬೆಳಗಿತ್ತು. ಸಾವಿನ ಮನೆ ಎನ್ನುವುದನ್ನು ಒಂದು ಗಳಿಗೆ ಮರೆತಿದ್ದರು. ಬುದಿಮಿರ ನಿಧಾನವಾಗಿ ಕೇಳಿದ:

"ನಿಮಗೆ ಇಷ್ಟವಾಗಿದ್ದು ಗೊತ್ತಾಯ್ತು. ಅವಳಿಗೆ ಇದು ಇಷ್ಟ ಅಂತ ಅವಳೇ ಹೇಳಿದ್ಲಾ?"

ಮಿಲುತಿನ್ ಸುತ್ತಿಗೆ ಕೆಳಗಿಟ್ಟ. ಯಾಗೊದಾ ನೆನಪಿಸಿಕೊಳ್ಳಲು ನೋಡಿದಳು. ನಿನಗೆ ಯಾವುದು, ಯಾಕೆ ಎಂದು ಟೀಚರಮ್ಮ ಎಲ್ಲರನ್ನೂ ಕೇಳುತ್ತಿದ್ದಳು. ತನ್ನದನ್ನು ಹೇಳಿದ್ದು ಯಾರಿಗೂ ನೆನಪಿಲ್ಲ. "ನಾವೂ ಕೇಳ್ಲಿಲ್ಲ" ಎಂದರು ಪಾದ್ರಿ.

ಹಾಗಾದರೆ ಅವಳು ಹೇಳುತ್ತೇನೆ ಎಂದದ್ದು ಲೋಕದಲ್ಲಿ ಒಬ್ಬನಿಗೆ ಮಾತ್ರ. ಬುದಿಮಿರ ಟೋಪಿ ಹಾಕಿಕೊಂಡ. ಮೂರನ್ನೂ ಎತ್ತಿಕೊಂಡು ಒಳಗೆ ಹೋದ.

ಪೆಟ್ಟಿಗೆಯ ಮೇಲೆ ಬಗ್ಗಿದ. ಬಾಚಣಿಗೆ ಇಟ್ಟ, ಕನ್ನಡಕ ಇಟ್ಟ. ಸುತ್ತಿಗೆಯನ್ನು ಅವಳ ಕೈಯ ಹತ್ತಿರ ಹಿಡಿದು ನೋಡಿದ, ಹಿಂದಕ್ಕೆ ತೆಗೆದ. ಭೂತಗನ್ನಡಿಯನ್ನೂ ಹಾಗೇ. ದುರ್ಬೀನನ್ನೂ ಹಾಗೇ. ಆಮೇಲೆ ಮೂರನ್ನೂ ಕೋಟಿನ ಜೇಬುಗಳಿಗೆ ತುರುಕಿಕೊಂಡು, "ಮುಚ್ಚಳ ಹಾಕಿ" ಎಂದ.

ಕ್ರುನಿಯಾ ಅವನ ತೋಳು ಹಿಡಿದಳು. "ಏನೂ ಇಡ್ಲಿಲ್ವಲ್ಲೋ. ನನ್ನ ಪಾಡು ನೋಡಿಲ್ವಾ? ಬಂದು ಕೇಳ್ತಾಳೆ."

"ಬರ್ಲಿ."

ಕ್ರುನಿಯಾ ಅವನ ಮುಖ ನೋಡಿ ತೋಳು ಬಿಟ್ಟಳು. ಮುಚ್ಚಳ ಬಿತ್ತು. ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋಗುವ ದಾರಿಯುದ್ದಕ್ಕೂ ಅವನ ಕೋಟು ಒಂದು ಕಡೆಗೆ ಜೋತುಬಿದ್ದಿತ್ತು.

*

ಊಟ ಮುಗಿಸಿ ಜನ ಹೋದ ಮೇಲೆ ಬುದಿಮಿರ ಪೀಪಾಯಿಗಳನ್ನು ಇನ್ನೊಮ್ಮೆ ಕಲಕಿ ತೋಟಕ್ಕೆ ಇಳಿದ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಹಳ್ಳದ ಕಡೆಯ ಕೆಳಗಿನ ಸಾಲಿನ ಬುಡದಲ್ಲಿ ಮಂಜು ಆಗಲೇ ಬಂದು ಕೂತಿತ್ತು, ಮೊಣಕಾಲೆತ್ತರಕ್ಕೆ, ಬಿಳಿಯಾಗಿ. ಮೇಲಿನ ಸಾಲಿನಲ್ಲಿ ಬಿಸಿಲು. ಹುಡುಗನಾಗಿದ್ದಾಗಿನಿಂದ ಅವನು ಇದನ್ನು ನೋಡುತ್ತ ಬಂದಿದ್ದ. ವಸಂತದಲ್ಲಿ ಚಳಿಗೆ ಹೂವು ಸೀಯುವುದೂ ಕೆಳಗಿನ ಸಾಲಿನಲ್ಲೇ ಮೊದಲು. ಗುಡ್ಡದ ಮೇಲೆ ಚಳಿ ಹೆಚ್ಚಿರಬೇಕಲ್ಲ, ಹಾಗಿದ್ದೂ ಹೀಗೇಕೆ? ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ. ಕೇಳಬಹುದಾದವಳು ಪಕ್ಕದಲ್ಲೇ ಹಣ್ಣು ಆಯುತ್ತಿದ್ದಳು.

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮರಕ್ಕೆ ಒರಗಿ, ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿದ.

"ಗಾಳಿ, ಮಂಜು, ಹವೆ. ಅದನ್ನ ಓದ್ತಿದ್ದೆ ಕಣೆ. ಯಾಕಂದ್ರೆ ಅದು ಈ ಹಳ್ಳಕ್ಕೇ ಯಾಕೆ ಬಂದು ಕೂರುತ್ತೆ ಅಂತ ನಂಗೆ ಗೊತ್ತಾಗ್ಬೇಕು."

ಸರಿಯೆನಿಸಿತು. ಯಾವುದು, ಯಾಕೆ, ಎರಡೂ ಇದ್ದವು.

ಮನೆಗೆ ಬಂದು ಮುಖ ತೊಳೆದು, ತಲೆ ಬಾಚಿ, ಭಾನುವಾರದ ಅಂಗಿ ಹಾಕಿಕೊಂಡ. ಸುತ್ತಿಗೆ, ಭೂತಗನ್ನಡಿ, ದುರ್ಬೀನುಗಳನ್ನು ಕಿಟಕಿಯ ಕಟ್ಟೆಯ ಮೇಲೆ, ಅವಳು ಮಲಗುತ್ತಿದ್ದ ಕಡೆಗೆ, ಕೈಗೆ ಸಿಗುವ ಹಾಗೆ ಸಾಲಾಗಿ ಇಟ್ಟ. ಆಮೇಲೆ, ಮೇಲಿನ ಸಾಲಿನ ಪ್ಲಮ್ ಮರಗಳ ಮೇಲೆ ಬಿಸಿಲು ಇನ್ನೂ ಇರುವಾಗಲೇ, ಹಾಸಿಗೆಯ ತನ್ನ ಅರ್ಧದಲ್ಲಿ ಮಲಗಿ ಕಣ್ಣು ಮುಚ್ಚಿಕೊಂಡ.