ಅತ್ತೆಯ ಹಾಡು, ನನ್ನ ರೀಲೋಡ್

ಈ ಬ್ರೌಸರ್ ಎಂಬುದನ್ನು ಮಾಡಿದವನು ಯಾರೋ, ಅವನು ಒಂದು ದಿನ ನಮ್ಮ ಕಂಪ್ಲಿಯ ಮನೆಯ ಪಡಸಾಲೆಯಲ್ಲಿ, ನನ್ನ ಅತ್ತೆಯ ಎದುರು ಕೂತು ಎಕ್ಸ್‌ಟೆನ್ಷನ್ ಬರೆಯಬೇಕು. ಆಗ ಗೊತ್ತಾಗುತ್ತದೆ ಅವನಿಗೆ.

ಎಕ್ಸ್‌ಟೆನ್ಷನ್ ಎಂದರೆ ಬ್ರೌಸರಿಗೆ ನಾವು ಸೇರಿಸುವ ಸಣ್ಣದೊಂದು ಸಲಕರಣೆ. ನನ್ನದಕ್ಕೆ ಕಿವಿ ಇದೆ: ಯಾರಾದರೂ ಕನ್ನಡದಲ್ಲಿ ಹೇಳುತ್ತಾ ಹೋದರೆ ಕೇಳಿಸಿಕೊಂಡು ಪುಟದ ಮೇಲೆ ಅಕ್ಷರ ಮೂಡಿಸುತ್ತದೆ. ಅದನ್ನು ಶುರು ಮಾಡಿದ್ದೇ ಅತ್ತೆ ಕೊಟ್ರಬಸಮ್ಮನವರಿಗಾಗಿ. ಅವರ ತವರು ಬುಕ್ಕಸಾಗರ. ಅಲ್ಲಿ ಭತ್ತದ ನಾಟಿಗೆ ಹಾಡುತ್ತಿದ್ದ ಒಂದು ಉದ್ದನೆಯ ಹಾಡಿನ ಕೊನೆಯ ನುಡಿಯನ್ನು ಅವರ ಅವ್ವ ಗಾಳೆಮ್ಮ ತಾನೇ ಕಟ್ಟಿದ್ದಂತೆ. ಅದು ಗೊತ್ತಿದ್ದವರೆಲ್ಲ ಹೋದರು, ಉಳಿದವರು ಅತ್ತೆ ಒಬ್ಬರೇ. ಅವರಿಗೂ ಬಿಡಿಯಾಗಿ ಕೇಳಿದರೆ ಆ ನುಡಿ ನೆನಪಿಗೆ ಬಾರದು. ಹಾಡನ್ನು ಮೊದಲಿನಿಂದ ಹಿಡಿದು ಎಲ್ಲೂ ಕಡಿಯದೆ ಹಾಡಿಕೊಂಡು ಬರಬೇಕು, ಆಗಲೂ ಬಂದರೆ ಬಂತು. ಫೋನಿನಲ್ಲಿ ರೆಕಾರ್ಡ್ ಮಾಡಿಕೋ ಎಂದರು ನನ್ನ ಗಂಡ ರೇವಣಸಿದ್ದ. ಹಾಳಾದ ಫೋನು ನೀರಿಗೆ ಬಿದ್ದರೆ ಹಾಡೂ ಅದರ ಜೊತೆ ಹೋಯಿತು, ನನಗೆ ಅಕ್ಷರದಲ್ಲೇ ಬೇಕು ಎಂದು ಹಟ ಹಿಡಿದವಳು ನಾನು.

ತೊಂದರೆ ಏನೆಂದರೆ, ಅತ್ತೆ ಒಂದು ಸಾಲು ಹಾಡಿ ನಿಲ್ಲುತ್ತಾರೆ. ಸುಮ್ಮನೆ ನನ್ನ ಮುಖ ನೋಡುತ್ತಾರೆ. ಆಮೇಲೆ ಇನ್ನೊಂದು ಸಾಲು. ಆ ನಡುವಿನ ಮೌನದಲ್ಲಿ, ಮಾತು ಮುಗಿಯಿತೆಂದುಕೊಂಡು ನನ್ನ ಎಕ್ಸ್‌ಟೆನ್ಷನ್ ಕಿವಿ ಮುಚ್ಚಿಕೊಳ್ಳುತ್ತದೆ. ಕೋಡ್‌ನಲ್ಲಿ ಒಂದು ಅಂಕಿ ಬದಲಿಸಿ ಅದು ಕಾಯುವ ಹೊತ್ತನ್ನು ಹೆಚ್ಚಿಸಬೇಕು. ಬದಲಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಬದಲಿಸಿದ್ದು ಬ್ರೌಸರಿಗೆ ತಿಳಿಯಬೇಕಲ್ಲ. ಎಕ್ಸ್‌ಟೆನ್ಷನ್‌ಗಳ ಪುಟಕ್ಕೆ ಹೋಗು, ನನ್ನದನ್ನು ಹುಡುಕು, ಗುಂಡಿ ಆಫ್ ಮಾಡು, ಆನ್ ಮಾಡು, ಹಾಡಿನ ಪುಟಕ್ಕೆ ವಾಪಸ್ ಬಾ, ಅದನ್ನೂ ರೀಫ್ರೆಶ್ ಮಾಡು. ಒಂದನ್ನು ಮರೆತರೂ ಹಳೆಯ ಕೋಡೇ ಓಡುತ್ತಿರುತ್ತದೆ, ಇಲ್ಲಿ ನಾನು ತಲೆ ಚಚ್ಚಿಕೊಳ್ಳುತ್ತಿರುತ್ತೇನೆ. ಅಷ್ಟರಲ್ಲಿ ಅತ್ತೆಯ ಹಾಡು ಕಡಿದಿರುತ್ತದೆ. ಮತ್ತೆ ಮೊದಲಿನಿಂದ.

“ನೀ ಗುಂಡಿ ಒತ್ತೂದ್ರಾಗ ನನ್ನ ಗಂಟ್ಲ ಹರೀತೈತವಾ,” ಎಂದರು ಅತ್ತೆ ಕೊನೆಗೆ. ಅವರದೂ ತಪ್ಪಲ್ಲ.

ರೋಸಿಹೋಗಿ, ನಿನ್ನೆ ಕೂತು ಆ ಕಾಟವನ್ನೇ ತಪ್ಪಿಸಿದೆ. ನನ್ನ ಫೈಲುಗಳ ಮೇಲೆ ಕಣ್ಣಿಡುವ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಫೈಲ್ ಸೇವ್ ಆದದ್ದೇ ತಡ, ಅದು ಎಕ್ಸ್‌ಟೆನ್ಷನ್‌ಗೆ ಸುದ್ದಿ ಮುಟ್ಟಿಸುತ್ತದೆ. ಎಕ್ಸ್‌ಟೆನ್ಷನ್ ತನ್ನನ್ನು ತಾನೇ ರೀಲೋಡ್ ಮಾಡಿಕೊಂಡು, ಹಾಡಿನ ಪುಟವನ್ನೂ ಹೊಸದಾಗಿ ತೆರೆಯುತ್ತದೆ. ಗುಂಡಿ ಮುಟ್ಟುವ ಕೆಲಸವೇ ಇಲ್ಲ. ಖುಷಿಗೆ ಗಂಡನನ್ನು ಕರೆದು ತೋರಿಸಿದೆ. ಹೊಳೆದಂಡೆಯ ಪಂಪ್‌ಸೆಟ್ಟು ಕರೆಂಟ್ ಬಂದ ಕೂಡಲೇ ತಾನಾಗಿ ಶುರುವಾಗಲೆಂದು ಅದಕ್ಕೆ ಆಟೋ ಸ್ಟಾರ್ಟರ್ ಹಾಕಿಸಿದವರು ಅವರು.

“ಇದು ನಮ್ಮ ಮೋಟರಿನ ಆಟೋ ಇದ್ದಂಗ ಐತಲ್ಲ ಸುನಿತಾ,” ಎಂದರು. “ಮೋಟರಿಗೆ ಕೈ ಹಾಕೂಮುಂದ ಮೊದ್ಲು ಆಟೋ ತಗೀತೀವಿ ನೋಡು.”

ನನ್ನದರಲ್ಲಿ ಬೆರಳು ಹೋಗುವಂಥದ್ದೇನೂ ಇಲ್ಲ ಎಂದು ಬೀಗಿದೆ.

ಇವತ್ತು ಮಧ್ಯಾಹ್ನ ಅತ್ತೆ ಎಲೆಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ ನನ್ನ ಮಗ್ಗುಲಲ್ಲಿ ಕೂತರು. ಹಾಡು ಶುರುವಾಯಿತು. ಅಕ್ಷರಗಳು ಒಂದರ ಹಿಂದೊಂದು ಮೂಡಿದವು, ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ಅತ್ತೆ ಸಾಲು ಮುಗಿಸಿ ನಿಂತಾಗಲೆಲ್ಲ ಇದು ಕಿವಿ ಮುಚ್ಚಿತೇನೋ ಎಂದು ಪರದೆಯತ್ತ ಇನ್ನಷ್ಟು ಬಾಗುತ್ತಿದ್ದೆ. ಮುಚ್ಚಲಿಲ್ಲ. ಕೊನೆಗೆ ಅವರ ದನಿ ನಡುಗಿತು. ಅವ್ವನ ನುಡಿ ಬಂದಿತ್ತು. ಅದನ್ನು ಹಾಡಿ, ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಇಷ್ಟು ಮೌನಕ್ಕೆ ನಾನಿಟ್ಟ ಅಂಕಿ ಸಾಲದು ಅನ್ನಿಸಿತು. ಮುಂದಿನ ಸಲಕ್ಕೆ ಇರಲಿ ಎಂದು ಕೋಡ್‌ನಲ್ಲಿ ಬದಲಿಸಿದೆ, ಅಷ್ಟೇ. ಸೇವ್ ಮಾಡುವ ಯೋಚನೆ ನನಗಿರಲಿಲ್ಲ, ಕೈಗಿತ್ತು. ಕರೆಂಟ್ ಯಾವಾಗ ಕೈಕೊಡುತ್ತದೋ ಎಂದು, ಹಳೆಯ ಕಂಪ್ಯೂಟರಿನ ಕಾಲದಿಂದ ಸಾಲಿಗೊಮ್ಮೆ ಸೇವ್ ಒತ್ತಿ ಒತ್ತಿ ಪಳಗಿದ ಕಂಪ್ಲಿಯ ಕೈ ಇದು. ಒತ್ತಿಬಿಟ್ಟಿತು.

ಪುಟ ಒಮ್ಮೆ ಮಿನುಗಿ, ಖಾಲಿಯಾಗಿ ಬಂದು ನಿಂತಿತು.

ನನ್ನ ಬುದ್ಧಿಗಿಷ್ಟು, ಬ್ರೌಸರಿಗಿಷ್ಟು ಬೈದೆ. ಮೂಡಿದ್ದನ್ನು ಎಲ್ಲಾದರೂ ಕಾದಿಡುವ ಕೆಲಸವನ್ನು ನಾಳೆ ಮಾಡಿದರಾಯಿತು ಎಂದು ಬಿಟ್ಟಿದ್ದೆ, ಹಾಗಾಗಿ ಹಿಂದಕ್ಕೆ ತರುವ ದಾರಿಯೇ ಇರಲಿಲ್ಲ. ಎಲ್ಲ ಅಳಿಸಿಹೋಯಿತು ಎಂದು ಅತ್ತೆಗೆ ಹೇಳುವಾಗ ಅಳು ಬಂತು. ಅವರಿಗೆ ಗಾಬರಿಯೇ ಆಗಲಿಲ್ಲ.

“ಹೋಗ್ಲಿ ಬಿಡವಾ ಅದು,” ಎಂದರು. “ನೀ ಮಗ್ಗಲದಾಗ ಕುಂತು ಕೇಳಿದಿಯಲ್ಲ. ನೀನ ಹೇಳು.”

ನಾನು ಅಕ್ಷರ ಮೂಡುತ್ತದೋ ಇಲ್ಲವೋ ನೋಡುತ್ತಿದ್ದೆ, ಅಷ್ಟೇ. ಆ ನುಡಿಯ ಒಂದು ಪದವೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಅತ್ತೆ ಮತ್ತೆ ಮೊದಲಿನಿಂದ ಎತ್ತಿಕೊಂಡರು. ನಾನು ಲ್ಯಾಪ್‌ಟಾಪ್ ಮುಚ್ಚಿ ಕೇಳಿದೆ. ಅವ್ವನ ನುಡಿಯ ಹತ್ತಿರ ಬಂದು ಬಾಯಿ ತೆರೆದರು. ಬರಲಿಲ್ಲ. ಇನ್ನೊಮ್ಮೆ ಹಿಂದಿನ ಸಾಲಿನಿಂದ ಬಂದು ನೋಡಿದರು. ಆಗಲೂ ಬರಲಿಲ್ಲ.

“ಒಬ್ಬಾಕಿ ಹಾಡಿದ್ದನ್ನ ಮಗ್ಗಲದಾಕಿ ತಿರುಗಿ ಹಾಡಬೇಕವಾ, ಅಂದ್ರ ಹಾಡು ಉಳೀತೈತಿ,” ಎಂದರು ಅತ್ತೆ. “ಅದಕ್ಕಂತನ ಸಾಲಿಗೊಮ್ಮೆ ನಿಂತು ನಿನ್ನ ಮಾರಿ ನೋಡಿದೆ. ನೀ ಹಾಡಲಿಲ್ಲ.”