ಚಿಕ್ ವಾರೆನ್‌ನ ಕಾಟ

ಮೊಮ್ಮಗಳಿಗೆ ಬೇಸ್‌ಬಾಲ್ ಕಾರ್ಡಿನ ಹುಚ್ಚು ಹಿಡಿಸಿದವನು ನಾನು. ಅದೇ ಹುಚ್ಚು ಬಿಟ್ಟುಹೋಗುವ ಹಂತಕ್ಕೆ ತಂದವನೂ ನಾನೇ ಎಂದು ನನ್ನ ಹೆಂಡತಿ ಸ್ಟೆಫಾ ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾಳೆ. ಹೇಳಲಿ. ಮೊದಲನೆಯದನ್ನು ಬೇಕೆಂದೇ ಮಾಡಿದೆ, ಎರಡನೆಯದು ತಾನಾಗಿ ಆಯಿತು.

ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆ. ಉಕ್ಕಿನ ಕಾರ್ಖಾನೆಯಲ್ಲಿ ನನ್ನ ಸೊಂಟ ಉಳುಕಿ ಆರು ವಾರ ಮನೆಯಲ್ಲಿ ಬಿದ್ದಿದ್ದೆ. ಮಗಳಿಗೆ ಪಿಟ್ಸ್‌ಬರ್ಗಿನ ಆಸ್ಪತ್ರೆಯಲ್ಲಿ ಕೆಲಸ, ಶಾಲೆಗೆ ರಜೆ, ಹಾಗಾಗಿ ಒಂಬತ್ತು ವರ್ಷದ ಡೋರೀನ್‌ಳನ್ನು ನಮ್ಮ ಹತ್ತಿರ ಬಿಟ್ಟುಹೋದಳು. ಮೂರು ದಿನ ಹುಡುಗಿ ನನ್ನ ಮುಖ ನೋಡುತ್ತ ಕೂತಳು, ನಾನು ಅವಳ ಮುಖ ನೋಡುತ್ತ ಕೂತೆ.

"ಜಾಜಾ, ಬೋರಾಗ್ತಿದೆ" ಅಂದಳು ನಾಲ್ಕನೇ ದಿನ. ನಮ್ಮ ಪೋಲಿಷ್ ಮನೆಗಳಲ್ಲಿ ಅಜ್ಜನಿಗೆ ಹಾಗೇ ಕರೆಯುವುದು.

ಮೂಲೆಯ ಅಂಗಡಿಗೆ ಕುಂಟುತ್ತ ಹೋಗಿ ನಾಲ್ಕು ಪೊಟ್ಟಣ ತಂದೆ. ಮೇಣದ ಕಾಗದದ ಪೊಟ್ಟಣ, ಒಳಗೆ ಒಬ್ಬೊಬ್ಬ ಆಟಗಾರನ ಫೋಟೋ ಇರುವ ಹತ್ತು ಕಾರ್ಡು, ಜೊತೆಗೆ ಹೆಂಚಿನ ಚೂರಿನಷ್ಟು ಗಟ್ಟಿಯಾದ ಒಂದು ಬಬಲ್‌ಗಮ್. ಕಾರ್ಡು ಮುಟ್ಟುವ ಮೊದಲು ಕೈ ತೊಳೆಯಬೇಕು, ಮೂಲೆ ಮಡಚಬಾರದು, ರಬ್ಬರ್ ಬ್ಯಾಂಡ್ ಹಾಕಿದರೆ ಅಂಚು ಕಚ್ಚುತ್ತದೆ, ಮುಂದಿನ ಫೋಟೋ ನೋಡಿ ಮರುಳಾಗದೆ ಹಿಂದಿನ ಅಂಕಿ ಓದಬೇಕು. ಇಷ್ಟನ್ನೂ ಪಾದ್ರಿಗಿಂತ ಗಂಭೀರವಾಗಿ ಹೇಳಿಕೊಟ್ಟೆ. ಹುಡುಗಿ ಚುರುಕು. ಎರಡು ವಾರದಲ್ಲಿ ಶೂ ಡಬ್ಬಿಯಲ್ಲಿ ರಟ್ಟಿನ ತುಂಡು ನಿಲ್ಲಿಸಿ ತಂಡ ತಂಡವಾಗಿ ಜೋಡಿಸಿಬಿಟ್ಟಳು. ಪಿಟ್ಸ್‌ಬರ್ಗ್ ತಂಡ ಪೂರ್ತಿಯಾಗಲು ಒಬ್ಬನೇ ಬಾಕಿ, ಕ್ಯಾಚರ್ ಡೆಲ್ ಹಾರ್‌ಗ್ರೋವ್. ಪ್ರತಿ ಪೊಟ್ಟಣಕ್ಕೂ ಮುತ್ತು ಕೊಟ್ಟು, "ಹಾರ್‌ಗ್ರೋವ್, ಹಾರ್‌ಗ್ರೋವ್" ಎಂದು ಜಪಿಸಿ ಆಮೇಲೆ ಬಿಚ್ಚುವಳು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಜಾಜಾ, ನೀನು ಯಾವತ್ತಾದ್ರೂ ಆಡಿದೀಯಾ?" ಎಂದು ಒಂದು ದಿನ ಕೇಳಿದಳು.

"ಹೂಂ, ಬೀದೀಲಿ" ಅಂದೆ.

ಅದು ಸುಳ್ಳು. ನಲವತ್ತೊಂಬತ್ತರಲ್ಲಿ ನಾನು ಓಹಾಯೋದ ಒಂದು ಸಣ್ಣ ಊರಿನ ತಂಡದಲ್ಲಿ ಸಂಬಳಕ್ಕೆ ಆಡಿದ್ದೆ. ಒಂದೇ ವರ್ಷ. ಪ್ಶಿಬಿಲ್ಸ್ಕಿ ಎನ್ನುವ ನನ್ನ ಹೆಸರು ಸ್ಕೋರ್ ಬೋರ್ಡಿನಲ್ಲಿ ಹಿಡಿಸುವುದಿಲ್ಲವೆಂದು ತಂಡದ ಮಾಲೀಕ ನನ್ನನ್ನು ಚಿಕ್ ವಾರೆನ್ ಮಾಡಿದ. ಆ ಊರಿನ ಬೇಕರಿಯವನು ತನ್ನ ಬ್ರೆಡ್ಡಿನ ಜೊತೆ ನಮ್ಮ ಕಾರ್ಡು ಹಂಚುತ್ತಿದ್ದ. ವರ್ಷದ ಕೊನೆಗೆ ನನ್ನನ್ನು ತಂಡದಿಂದ ಕಿತ್ತುಹಾಕಿದಾಗ ಆ ಪುಣ್ಯಾತ್ಮ ಉಳಿದ ನನ್ನ ಕಾರ್ಡುಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಕೈಗಿಟ್ಟ. ನಾನೂರಕ್ಕೆ ಕಡಿಮೆ ಇರಲಿಲ್ಲ. ಪೆಟ್ಟಿಗೆಯನ್ನು ನೆಲಮಾಳಿಗೆಯಲ್ಲಿಟ್ಟು, ಈ ವಿಷಯ ಯಾರ ಬಾಯಲ್ಲೂ ಬರಕೂಡದು ಎಂದು ಸ್ಟೆಫಾಗೆ ಹೇಳಿದೆ. ಮಗಳಿಗೂ ಗೊತ್ತಿಲ್ಲ.

ಆದರೆ ಈಗ ಆಸೆ ಹುಟ್ಟಿತು. ನಾನಾಗಿ ಹೇಳಿದರೆ ಜಂಬ. ಹುಡುಗಿ ತಾನೇ ಪೊಟ್ಟಣ ಬಿಚ್ಚಿ, ನನ್ನ ಮುಖ ಕಂಡು, "ಜಾಜಾ, ಇದು ನೀನು!" ಎಂದು ಕೂಗುತ್ತ ಓಡಿಬರಬೇಕು. ಅದೊಂದು ಕೂಗು ನನಗೆ ಬೇಕಾಗಿತ್ತು. ಹೆಸರು ಬೇರೆಯಾದರೇನು, ಮುಖ ಮುಖವೇ ಅಲ್ಲವೆ? ಇಪ್ಪತ್ತೈದು ವರ್ಷದಲ್ಲಿ ಅಂಥ ವ್ಯತ್ಯಾಸವೇನೂ ಆಗಿಲ್ಲವೆಂದು ನಾನು ನಂಬಿದ್ದೆ.

ಮೇಣದ ಪೊಟ್ಟಣವನ್ನು ಹಿಂಬದಿಯಿಂದ ಮೆಲ್ಲಗೆ ಬಿಡಿಸಿ, ಮತ್ತೆ ಬಿಸಿ ಇಸ್ತ್ರಿ ಒತ್ತಿದರೆ ಹೊಸದರಂತೆ ಅಂಟಿಕೊಳ್ಳುತ್ತದೆ. ಹತ್ತೇ ಕಾರ್ಡು ಇರಬೇಕಲ್ಲ, ಅದಕ್ಕೆ ಒಂದನ್ನು ತೆಗೆದು ನನ್ನದನ್ನು ತೂರಿಸಿದೆ. ತೆಗೆದದ್ದನ್ನು ಮಗುಚಿ ಹಾಕಿ ಹೊಗೆಸೊಪ್ಪಿನ ಡಬ್ಬಿಯಲ್ಲಿಟ್ಟೆ. ಅವಳ ಕಾರ್ಡನ್ನು ಅವಳಿಗಿಂತ ಮೊದಲು ನೋಡುವುದು ಮೋಸ ಅನಿಸಿತು.

ಸ್ಟೆಫಾ ಅಡುಗೆಮನೆಗೆ ಬಂದವಳು ಬಾಗಿಲಲ್ಲೇ ನಿಂತಳು. "ಇಪ್ಪತ್ತೊಂಬತ್ತು ವರ್ಷದಲ್ಲಿ ನಿನ್ನ ಒಂದು ಅಂಗೀನೂ ನೀನು ಇಸ್ತ್ರಿ ಮಾಡ್ಕೊಂಡಿಲ್ಲ. ಈಗ ಬಬಲ್‌ಗಮ್ಮಿಗೆ ಇಸ್ತ್ರಿ ಮಾಡ್ತಿದೀಯಾ?"

"ಮೆಲ್ಲಗೆ ಮಾತಾಡೇ."

"ಮಗೂಗೆ ಬಾಯಿಬಿಟ್ಟು ಹೇಳಿದ್ರೆ ನಿನ್ನ ಗಂಟು ಹೋಗತ್ತಾ?"

"ನಿಂಗೆ ಗೊತ್ತಾಗಲ್ಲ ಬಿಡು."

ಆ ಭಾನುವಾರ ಅವಳ ಬಿಳಿ ರವಿಕೆಯಿಂದ ಇಗರ್ಜಿಯ ತುಂಬ ಬಬಲ್‌ಗಮ್ ವಾಸನೆ ಹೊಡೆಯಿತು. ಸ್ಟೆಫಾ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಡೋರೀನ್ ಪೊಟ್ಟಣ ಬಿಚ್ಚಿದಳು. ನಾನು ಪತ್ರಿಕೆ ಓದುವವನಂತೆ ನಟಿಸುತ್ತ ಅದರ ಅಂಚಿನ ಮೇಲಿಂದ ನೋಡುತ್ತಿದ್ದೆ.

"ಯಾರಿದು? ನೆಗಡಿ ಬಂದೋನ ಥರ ಇದಾನೆ."

"ಎಲ್ಲಿ, ನೋಡೋಣ" ಅಂದೆ, ದನಿ ಆದಷ್ಟು ಸಾದಾ ಮಾಡಿಕೊಂಡು. "ಓಹೋ, ಚಿಕ್ ವಾರೆನ್! ಹಳೇ ಆಟಗಾರರದ್ದೂ ಅಪರೂಪಕ್ಕೆ ಒಂದೊಂದು ಹಾಕ್ತಾರೆ ಕಣೇ. ಅದೃಷ್ಟ ಇದ್ದೋರಿಗೇ ಸಿಗೋದು. ಭಾರಿ ಆಟಗಾರ! ಸರಿಯಾಗಿ ನೋಡು ಮುಖಾನ."

ಅವಳು ಮುಖ ನೋಡಲಿಲ್ಲ, ಕಾರ್ಡು ತಿರುಗಿಸಿದಳು. ಹಾಗೆ ಮಾಡಲು ಕಲಿಸಿದವನು ನಾನೇ. "ಹತ್ತು ಸಲ ಬ್ಯಾಟ್ ಬೀಸಿದ್ರೆ ಎರಡು ಸಲ ತಾಗಿದೆ. ಇವನು ಭಾರಿನಾ?"

"ಆಗಿನ ಕಾಲ್ದಲ್ಲಿ ಪಿಚರ್‌ಗಳು ಚೆಂಡು ಭಾರಿ ಜೋರಾಗಿ ಎಸೀತಿದ್ರು."

"'ಬಿಡುವಿನ ವೇಳೆಯಲ್ಲಿ ಮೀನು ಹಿಡಿಯುತ್ತಾರೆ' ಅಂತ ಬರ್ದಿದೆ."

ಜೀವಮಾನದಲ್ಲಿ ನಾನು ಒಂದು ಮೀನೂ ಹಿಡಿದವನಲ್ಲ. ಬೇಕರಿಯವನು ಎಲ್ಲರ ಕಾರ್ಡಿನ ಹಿಂದೆಯೂ ಅದನ್ನೇ ಬರೆಸಿದ್ದ.

ಪಕ್ಕದ ಮನೆಯ ಯೂಜಿನ್ ಪಿಂಟಾರ್ ಹನ್ನೊಂದು ವರ್ಷದವನು, ನಮ್ಮ ಬೀದಿಯ ಕಾರ್ಡು ವ್ಯವಹಾರವೆಲ್ಲ ಅವನ ಕೈಯಲ್ಲಿ. ಅಪರೂಪದ್ದು ಎಂದ ಕೂಡಲೇ ಅವನ ಕಿವಿ ನಿಮಿರಿತು. ನನ್ನನ್ನು ತೆಗೆದುಕೊಂಡು ಒಬ್ಬ ಒಳ್ಳೆಯ ಪಿಚರ್‌ನ ಕಾರ್ಡು ಕೊಟ್ಟ. ನನ್ನನ್ನು ಕೊಟ್ಟುಬಿಟ್ಟಳಲ್ಲ ಎಂದು ಬೇಸರವಾದರೂ, ನನಗೆ ಇಷ್ಟು ಬೆಲೆಯೇ ಎಂದು ಎದೆ ಉಬ್ಬಿತು. ಆ ರಾತ್ರಿ ಎರಡು ತುತ್ತು ಹೆಚ್ಚಾಗಿ ಉಂಡೆ.

ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಬುಧವಾರ ಇನ್ನೊಂದು ತೂರಿಸಿದೆ, ಶನಿವಾರ ಎರಡು. ನಾಲ್ಕನೇ ಸಲವಾದರೂ ಮುಖ ಗುರುತು ಹಿಡಿಯುತ್ತಾಳೆ ಅಂತ. ಎರಡನೇ ಚಿಕ್ ವಾರೆನ್‌ಗೆ ಯೂಜಿನ್ ಒಬ್ಬ ಸಾದಾ ಆಟಗಾರನನ್ನು ಕೊಟ್ಟ. ಮೂರನೆಯದಕ್ಕೆ ಅಗಿಯದ ಒಂದು ಗಮ್. ನಾಲ್ಕನೆಯದಕ್ಕೆ ಅಗಿದ ಗಮ್ ಕೊಡುತ್ತೇನೆ ಅಂದ. ಏಳನೆಯ ಹೊತ್ತಿಗೆ ನನ್ನನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿಕೊಂಡು ಓಡಾಡತೊಡಗಿದ. ಅಂಗಳದಲ್ಲಿ ಕೂತ ನನ್ನ ಮುಂದೆಯೇ ನನ್ನ ಮುಖ ಟರ್ರ್ ಅನ್ನುತ್ತ ಇಳಿಜಾರಿನಲ್ಲಿ ಹೋಗುವುದು.

"ಏ ಡೋರೀನ್, ಇವತ್ತೂ ಚಿಕ್ ವಾರೆನ್ನೇ ಬಂದ್ನಾ?" ಎಂದು ಬೇಲಿಯ ಆಚೆಯಿಂದ ಕೂಗುವನು. "ನಿಂದು ಅದೃಷ್ಟಗೆಟ್ಟ ಕೈ ಕಣೇ!"

ನನಗೆ ಅವನ ಮೇಲೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ಬರೆಯುವುದು ಬೇಡ. ಡೋರೀನ್ ಮಾತ್ರ ದಿನದಿಂದ ದಿನಕ್ಕೆ ಸಪ್ಪಗಾದಳು. ಮುತ್ತು ಕೊಡುವುದು ನಿಂತಿತು, ಜಪ ನಿಂತಿತು. ಹನ್ನೊಂದನೇ ಸಲ ನನ್ನ ಮುಖ ಹೊರಬಂದ ದಿನ ಅವಳು ಅತ್ತುಬಿಟ್ಟಳು.

"ಬೀದೀಲಿ ಎಲ್ರಿಗೂ ಹಾರ್‌ಗ್ರೋವ್ ಸಿಕ್ಕಿದಾನೆ. ನಂಗೆ ಮಾತ್ರ ಈ ದರಿದ್ರದೋನೇ ಬರ್ತಾನೆ. ನಂಗೆ ಬೇಡ ಜಾಜಾ, ನಾನಿನ್ನು ಕಾರ್ಡೇ ಮುಟ್ಟಲ್ಲ. ಪೂರ್ತಿ ಡಬ್ಬಿ ಯೂಜಿನ್‌ಗೆ ಕೊಟ್ಟು ಅವನ ಸ್ಕೇಟ್ಸ್ ತಗೋತೀನಿ. ಊಟ ಆದ್ಮೇಲೆ ಬರ್ತೀನಿ ಅಂದಿದಾನೆ."

ಹೇಳಿ ಮಹಡಿ ಹತ್ತಿದಳು. ಶೂ ಡಬ್ಬಿ ಮೇಜಿನ ಮೇಲಿತ್ತು, ಮುಚ್ಚಳಕ್ಕೆ ದಾರ ಕಟ್ಟಿ ಆಗಿತ್ತು.

ಆಗ ನನಗೆ ಹೊಗೆಸೊಪ್ಪಿನ ಡಬ್ಬಿ ನೆನಪಾಯಿತು. ತೆಗೆದು ಹನ್ನೊಂದು ಕಾರ್ಡನ್ನೂ ಮೇಜಿನ ಮೇಲೆ ಸುರಿದೆ. ಡೆಲ್ ಹಾರ್‌ಗ್ರೋವ್. ಮುಂದಿನದು ಇನ್ಯಾರೋ. ಮತ್ತೆ ಹಾರ್‌ಗ್ರೋವ್. ಒಟ್ಟು ಮೂರು ಹಾರ್‌ಗ್ರೋವ್ ಇದ್ದರು, ಮೂವರೂ ಹಲ್ಲು ಕಿರಿದು ನನ್ನನ್ನೇ ನೋಡುತ್ತಿದ್ದರು. ಅವಳು ಬೇಡಿಕೊಂಡಿದ್ದನ್ನು ಕಿತ್ತುಕೊಂಡು ಆ ಜಾಗದಲ್ಲಿ ನಾನು ಕೂತಿದ್ದೆ.

ಪಿಯೆರೋಗಿ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದ ಸ್ಟೆಫಾ ಒಮ್ಮೆ ನೋಡಿ ಮತ್ತೆ ಲಟ್ಟಿಸತೊಡಗಿದಳು. ಅವಳು ಬೈಯದೆ ಬಿಟ್ಟಾಗಲೇ ನನಗೆ ನಿಜವಾಗಿ ಭಯವಾಗುವುದು.

"ಡೋರೀನ್, ಕೆಳಗೆ ಬಾಮ್ಮ" ಎಂದು ಕರೆದೆ.

ಬಂದಳು. ಮೇಜು ನೋಡಿದಳು. "ಹಾರ್‌ಗ್ರೋವ್!" ಎಂದು ಚೀರಿ ಎದೆಗೆ ಅವುಚಿಕೊಂಡಳು. ಆಮೇಲೆ ಹುಬ್ಬು ಗಂಟಿಕ್ಕಿತು. "ಇದು ಎಲ್ಲಿತ್ತು?"

"ನನ್ನ ಹತ್ರ. ನಿನ್ನ ಪೊಟ್ಟಣದಿಂದ ನಾನೇ ತೆಗ್ದೆ. ಚಿಕ್ ವಾರೆನ್‌ನ ಒಳಗೆ ಹಾಕಿದ್ದೂ ನಾನೇ."

"ಯಾಕೆ?"

"ಅವನು ನಾನು ಕಣೇ."

ಹುಡುಗಿ ಹನ್ನೊಂದನೇ ಚಿಕ್ ವಾರೆನ್‌ನನ್ನು ನನ್ನ ಕಿವಿಯ ಪಕ್ಕ ಹಿಡಿದು ನೋಡಿದಳು. "ಕನ್ನಡಕ ತೆಗಿ." ತೆಗೆದೆ. "ಟೋಪಿ ಹಾಕ್ಕೋ." ಹಾಕಿಕೊಂಡೆ. "ಹೊಟ್ಟೆ ಒಳಗೆ ಎಳ್ಕೋ." ಎಳೆದುಕೊಂಡೆ. ಸ್ಟೆಫಾ ತಾನಾಗಿಯೇ ಲಟ್ಟಣಿಗೆ ಕೈಗಿತ್ತಳು, ಅದನ್ನು ಬ್ಯಾಟಿನಂತೆ ಹೆಗಲ ಮೇಲಿಟ್ಟು ನಿಂತೆ.

"ಇಲ್ಲ, ಇವನಲ್ಲ" ಅಂದಳು ಡೋರೀನ್.

"ಇವನೇ" ಅಂದಳು ಸ್ಟೆಫಾ. "ಆ ಮೂಗಿನ ಜೊತೆ ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದೀನಿ, ನಂಗೊತ್ತಿಲ್ವಾ?"

ಡೋರೀನ್ ಕೂತಳು. ನಾನು ಕಾಯುತ್ತಿದ್ದ ಕೂಗು ಬರಲಿಲ್ಲ. "ನೀನು ಸುಳ್ಳುಗಾರ ಜಾಜಾ. ಚಿಕ್ ವಾರೆನ್ ಭಾರಿ ಆಟಗಾರ ಅಂದೆ. ಅಪರೂಪ ಅಂದೆ."

"ಹೌದು. ಎರಡೂ ಸುಳ್ಳು. ನಾನು ಚೆನ್ನಾಗಿ ಆಡ್ಲಿಲ್ಲ, ಕಿತ್ತುಹಾಕಿದ್ರು. ನಿಂಗೆ ನನ್ನ ನೋಡಿ ಖುಷಿ ಆಗ್ಲಿ ಅಂತಿತ್ತು. ತಪ್ಪಾಯ್ತು." ಲಟ್ಟಣಿಗೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಅವಳು ಕಾರ್ಡು ತಿರುಗಿಸಿ ಬಹಳ ಹೊತ್ತು ಓದಿದಳು. "ಹೋಮ್ ರನ್ ಒಂದು ಅಂತಿದೆ. ಇದಾದ್ರೂ ನಿಜಾನಾ?"

"ಅದು ನಿಜ."

"ಹೆಂಗೆ ಹೊಡ್ದೆ?"

ಇಪ್ಪತ್ತೈದು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಚೆಂಡು ಮೈದಾನದ ಗೋಡೆ ದಾಟಿ ಮೋಡದಲ್ಲಿ ಮಾಯವಾಯಿತು ಅನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವಳ ಮುಖ ನೋಡಿಕೊಂಡು ಇನ್ನೊಂದು ಸುಳ್ಳು ಹೇಳುವ ಧೈರ್ಯ ಬರಲಿಲ್ಲ.

"ಚೆಂಡು ಜೋರಾಗಿ ಹೋಗ್ಲೇ ಇಲ್ಲ. ಉರುಳ್ಕೊಂಡು ಹೋಯ್ತು. ಮೂಲೇಲಿ ಬೇಕರಿ ಗಾಡಿ ನಿಲ್ಸಿದ್ರು, ಅದರ ಅಡಿಗೆ ಸೇರ್ಕೊಂಡ್ತು. ಎದುರು ತಂಡದ ದಪ್ಪನೆ ಹುಡುಗ ಒಬ್ಬ ತೆವಳ್ಕೊಂಡು ಒಳಗೆ ಹೋದ. ಹೋದೋನು ಸಿಕ್ಕಾಕೊಂಡ. ಅವನ ಎರಡು ಕಾಲು ಮಾತ್ರ ಆಚೆ ಒದ್ದಾಡ್ತಿದ್ವು. ನಾನು ಮೈದಾನ ಪೂರ್ತಿ ಒಂದು ಸುತ್ತು ಓಡಿ ಹೋಮ್ ರನ್ ಮುಗಿಸಿ, ನೀರು ಕುಡಿದು, ಅವನನ್ನ ಎಳೆಯೋಕೆ ನಾನೂ ಹೋದೆ."

ಡೋರೀನ್ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬೆರಳ ಸಂದಿಯಿಂದ ಬುಳಕ್ಕನೆ ಬಂತು. ಸ್ಟೆಫಾ ಕೂಡ ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡಳು. ಅವಳಿಗೂ ನಾನು ಇದನ್ನು ಹೇಳಿರಲಿಲ್ಲ.

"ಅವನು ಹೆಂಗೆ ತೆವಳಿದ? ಮಾಡಿ ತೋರ್ಸು" ಅಂದಳು ಡೋರೀನ್.

ತೋರಿಸಿದೆ. ಐವತ್ತು ವರ್ಷದವನು ಮೊಣಕಾಲೂರಿ ಅಡುಗೆಮನೆಯ ಮೇಜಿನ ಅಡಿ ನುಗ್ಗಿ ಕಾಲು ಒದರಿದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮೇಜಿನ ಕೆಳಗಿಂದ ನನಗೆ ಕಂಡದ್ದು ಯೂಜಿನ್‌ನ ಕೊಳೆ ಬೂಟು ಮತ್ತು ಅವನ ಕೈಯಿಂದ ನೇತಾಡುತ್ತಿದ್ದ ಒಂದು ಜೊತೆ ಸ್ಕೇಟ್ಸ್.

"ಎಲ್ಲೇ ಡಬ್ಬಿ?" ಅಂದ.

"ಕೊಡಲ್ಲ, ಹೋಗೋ. ಮೊದ್ಲು ನನ್ನ ಚಿಕ್ ವಾರೆನ್‌ಗಳನ್ನೆಲ್ಲ ವಾಪಸ್ ತಗೊಂಬಾ."

"ಯಾಕೆ? ಅವನಂಥ ಪೆದ್ದ ಇನ್ನೊಬ್ಬ ಇಲ್ಲ."

"ಇಲ್ಲ ಕಣೋ, ಇನ್ನೊಬ್ಬ ಇಲ್ಲ" ಅಂದಳು ಡೋರೀನ್. "ಅವನು ನಮ್ಮ ಜಾಜಾ. ಒಳಗೆ ಬಂದು ಕೂತ್ಕೋ, ಮೊದಲಿಂದ ಹೇಳ್ತಾನೆ."

ನಾನು ಮೇಜಿನ ಕೆಳಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಉಳಿದೆ. ಅಷ್ಟು ಸಂತೋಷವಾಗಿತ್ತು, ಆ ಮುಖ ಹೊತ್ತುಕೊಂಡು ಹುಡುಗರ ಮುಂದೆ ಏಳುವಂತಿರಲಿಲ್ಲ.