ಕುಂಚಿಗೆಯ ಗುರುತು

"ಉಳದದ್ದೆಲ್ಲಾ ಬಿಟ್ಟು ಹುಳ ಕಣ್ಣಷ್ಟ ತಿಂದಾವ ನೋಡ್ರಿ," ಎಂದು ಉಳವಪ್ಪ ಪಟವನ್ನು ಕೌಂಟರಿನ ಮೇಲೆ ಅಂಗಾತ ಮಲಗಿಸಿದ.

ಮುಂಡರಗಿಯಿಂದ ಬೆಟಗೇರಿಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಪಟ. ಸುತ್ತಿದ ಟವೆಲ್ಲು ಬಿಚ್ಚಿದರೆ ಗಾಜಿನೊಳಗೆ ಒಬ್ಬ ಹೆಣ್ಣುಮಗಳ ಮುಖ. ಎಣ್ಣೆ ಹಚ್ಚಿ ಬಾಚಿದ ತಲೆ, ಮೂಗಿನಲ್ಲಿ ನತ್ತು, ಹಣೆಯ ಮೇಲೆ ಕಾಸಗಲ ಕುಂಕುಮ. ಕಣ್ಣಿದ್ದ ಕಡೆ ಮಾತ್ರ ಜೋಳದ ಕಾಳಿನಷ್ಟು ಎರಡು ತೂತು; ಅವುಗಳಲ್ಲಿ ಹಿಂದಿನ ರಟ್ಟು ಕಾಣುತ್ತಿತ್ತು.

ಒಳಗೆ ಸ್ಟೂಲಿನ ಮೇಲೆ ಕುಳಿತಿದ್ದ ಸುಮಿತ್ರವ್ವ ಆ ಮುಖವನ್ನು ದೂರದಿಂದಲೇ ಗುರುತು ಹಿಡಿದಳು. ಹುಳದ ತಪ್ಪಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಬಣ್ಣ ಹಿಡಿದು ನಿಲ್ಲಲಿ ಎಂದು ಅದಕ್ಕೆ ಜಾಲಿಯ ಅಂಟು ಕಲಸುತ್ತಿದ್ದವಳು ಅವಳೇ. ಅಂಟಿನ ರುಚಿ ಹತ್ತಿದ ಹುಳ ಅಂಟು ಇದ್ದಲ್ಲಿಗೇ ಹೋಗುತ್ತದೆ. ಈ ಪಟದಲ್ಲಿ ಅಂಟು ಬಿದ್ದದ್ದು ಕಣ್ಣಿಗೆ ಮಾತ್ರ.

ಪುಂಡಲೀಕಪ್ಪನ ಸ್ಟುಡಿಯೋದಲ್ಲಿ ಮೂವತ್ತು ವರ್ಷ ಅವಳು ಮಾಡಿದ ಕೆಲಸವೆಂದರೆ ಫೋಟೋ ತಿದ್ದುವುದು. ಆ ಕಾಲದಲ್ಲಿ ಬದುಕಿರುವಾಗ ಪಟ ತೆಗೆಸಿಕೊಳ್ಳುವ ಪುರಸೊತ್ತು ಎಷ್ಟು ಜನಕ್ಕಿತ್ತು? ಜೀವ ಹೋದ ಮೇಲೆ, ಮೀಯಿಸಿ, ಗೋಡೆಗೆ ಆನಿಸಿ ಕೂಡ್ರಿಸಿ, ಹೂವು ಮುಡಿಸಿದಾಗ, "ಒಂದ ಪಟಾರೆ ಇರ್ಲಿ" ಎಂದು ಯಾರಿಗಾದರೂ ನೆನಪಾಗುತ್ತಿತ್ತು. ಹೇಳಿಕೆ ಬಂದದ್ದೇ ತಡ, ಪುಂಡಲೀಕಪ್ಪ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸಿಕ್ಕ ಬಸ್ಸು ಹತ್ತುತ್ತಿದ್ದ. ಆದರೆ ಮುಚ್ಚಿದ ಕಣ್ಣನ್ನು ದಿನಾ ಬೆಳಗಾದರೆ ನೋಡುವುದು ಹೇಗೆ? ಕಣ್ಣು ತೆರೆಸುವುದು ಸುಮಿತ್ರವ್ವನ ಪಾಲಿಗೆ ಬರುತ್ತಿತ್ತು. ಕಣ್ಣು ಹೇಗಿದ್ದುವು ಎಂದು ಕೇಳಿದರೆ ಅಳುವ ಮಂದಿ ಏನು ಹೇಳಿಯಾರು? "ಚಂದ ಇದ್ದುವು," ಅಷ್ಟೇ. ಅದಕ್ಕೇ ಅವಳು ಎದುರಿಗೊಂದು ಕನ್ನಡಿ ಇಟ್ಟುಕೊಂಡು, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ತನ್ನ ಕಣ್ಣನ್ನೇ ನೋಡಿ ಬರೆಯುತ್ತಿದ್ದಳು.

"ಸ್ಕ್ಯಾನ್ ಮಾಡಾಕ ಕಣ್ಣs ಇಲ್ಲಲ್ಲರಿ," ಎಂದಳು ವಿದ್ಯಾಶ್ರೀ, ಪಟದ ಮೇಲೆ ಬಾಗಿ. ಪುಂಡಲೀಕಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಸ್ಟುಡಿಯೋ ಈಗ ಮಗಳದು. "ಆದ್ರ ಹೆದರಬ್ಯಾಡ್ರಿ. ಅಪ್ಪಾರು ಒಂದ್ ನೆಗೆಟಿವ್ ಸೈತ ಒಗದಿಲ್ಲ. ಸಿಕ್ಕರ ಹೊಸಾದs ಮಾಡಿ ಕೊಡ್ತೀನಿ."

"ಸಿಕ್ಕ ಸಿಗತೈತ್ರಿ. ನಮ್ಮವ್ವ ಇಲ್ಲೇ ಬಂದು ತಗಿಸಿಕೊಂಡದ್ದು," ಎಂದ ಉಳವಪ್ಪ. ಬೀಜ-ಗೊಬ್ಬರದ ಅಂಗಡಿಯ ಮನುಷ್ಯ, ನಲವತ್ತು ದಾಟಿದವನು. ಆ ಮಾತು ಹೇಳುವಾಗ ಮಾತ್ರ ಹುಡುಗನ ಹಾಗೆ ಕಂಡ. "ನಾ ಹೊಟ್ಟ್ಯಾಗ ಇದ್ದಾಗ ಬಸ್ ಹತ್ತಿ ಬಂದಿದ್ಲಂತ. 'ನೆಟ್ಟಗ ನೋಡೂ ಹಂಗ ತಗೀರಿ, ನನ್ನ ಮಗ ನೋಡಬೇಕು' ಅಂದಿದ್ಲಂತ." ಅವನು ಒಳಗೆ ಕತ್ತು ಚಾಚಿದ. "ಈ ಅವ್ವಾರೇ ಹೇಳಿದ್ದರಿ ನನಗ. ಸಾಲ್ಯಾಗ ಏಳನೆತ್ತಾ ಮುಗದಾಗ ನಮ್ಮ ಆಯಿ ಕೂಡ ಫೋಟೋಕ್ಕ ಬಂದಿದ್ದೆ. ಅದ ಸ್ಟೂಲ್ ತೋರಿಸಿ, ಇದರ ಮ್ಯಾಲೆ ಕುಂತಿದ್ಲು ಅಂದ್ರಿ. ನೆನಪೈತಿಲ್ಲರಿ?"

ಸುಮಿತ್ರವ್ವನಿಗೆ ನೆನಪಿತ್ತು. ಕ್ರಾಪಿಗೆ ಎಣ್ಣೆ ಸವರಿಕೊಂಡು ಬಂದ ತಾಯಿಲ್ಲದ ಹುಡುಗ, "ನಮ್ಮವ್ವ ಇಲ್ಲಿ ಬಂದಿದ್ಲೇನ್ರಿ?" ಎಂದು ಕೇಳಿದ್ದ. ಅವನ ಅಜ್ಜಿ ರಾಮವ್ವ ಹಿಂದಿನಿಂದ ಕಣ್ಸನ್ನೆ ಮಾಡಿದ್ದಳು. ಹೂಂ ಅಂದರೆ ಸಾಕಿತ್ತು. ಆದರೆ ಹುಡುಗನ ಮುಖ ಅರಳಿದ್ದು ನೋಡಿ ಸುಮಿತ್ರವ್ವನ ನಾಲಗೆ ನಿಲ್ಲಲಿಲ್ಲ. ಬಸ್ಸು, ಸ್ಟೂಲು, ಮಗ ನೋಡಬೇಕೆಂಬ ಮಾತು, ಎಲ್ಲವನ್ನೂ ಕುಂತಲ್ಲೇ ಕಟ್ಟಿ ಕೊಟ್ಟಿದ್ದಳು.

"ನೆನಪೈತಪ್ಪಾ," ಎಂದಳು.

ಹಿಂದಿನ ದೀಪಾವಳಿಯಿಂದ ವಿದ್ಯಾಶ್ರೀ ಹಳೆಯ ನೆಗೆಟಿವುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುತ್ತಿದ್ದಳು. ನೆಗೆಟಿವ್ ಓದುವ ಸ್ಕ್ಯಾನರು ಅಪ್ಪನ ಕಾಲದ್ದು. ಅದರ ವಾಯರಿನ ಅಗಲ ಮೂತಿಗೆ ಹೊಸ ಕಂಪ್ಯೂಟರಿನಲ್ಲಿ ತೂತೇ ಇರಲಿಲ್ಲ. ಹುಬ್ಬಳ್ಳಿಯಿಂದ ನಡುವೆ ಜೋಡಿಸುವ ತುಂಡೊಂದನ್ನು ತರಿಸಿದರೂ, ಸ್ಕ್ಯಾನರು ಇದೆ ಎಂಬುದನ್ನೇ ಹೊಸದು ಒಪ್ಪಲಿಲ್ಲ. "ಅತ್ತಿ-ಸೊಸಿ ಇದ್ದಂಗ ಅದಾವ. ಒಂದರ ಮಾತ ಒಂದಕ್ಕ ತಿಳಿಯೂದಿಲ್ಲ," ಎಂದು ನಕ್ಕು, ಅಟ್ಟದ ಮೇಲಿನ ಹಳೆಯ ಕಂಪ್ಯೂಟರನ್ನೇ ಇಳಿಸಿದ್ದಳು. ಅದಕ್ಕೂ ಒಂದು ರೋಗ. ಒಳಗಿನ ಬ್ಯಾಟರಿ ಸತ್ತು, ಪ್ರತಿಸಲ ಹಚ್ಚಿದಾಗಲೂ ಅದರ ಗಡಿಯಾರ ೨೦೦೨ರ ಜನವರಿ ಒಂದಕ್ಕೇ ಹೋಗಿ ನಿಲ್ಲುತ್ತಿತ್ತು. ಇಳಿಸಿದ ಫೋಟೋಗಳಿಗೆಲ್ಲ ಅದೇ ತಾರೀಖು. ಆಮೇಲೆ ಅವನ್ನು ಹೊಸ ಕಂಪ್ಯೂಟರಿಗೆ ಸಾಗಿಸಿ, ಪ್ರತಿಯೊಂದಕ್ಕೂ ಹೆಸರು, ಊರು, ನಿಜವಾದ ತಾರೀಖು ತುಂಬಬೇಕು.

ಅದಕ್ಕಾಗಿಯೇ ಸುಮಿತ್ರವ್ವ ದಿನಾ ಮಧ್ಯಾಹ್ನ ಬಂದು ಕೂಡುತ್ತಿದ್ದಳು. ಲಕೋಟೆಗಳ ಮೇಲೆ ಹೆಸರಿರಲಿಲ್ಲ, ಗುರುತುಗಳಿದ್ದವು. ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿಯುವ ಮುಂಚೆ ಅವಳು ಪೆನ್ಸಿಲಿನಲ್ಲಿ ಬರೆದುಕೊಂಡ ಗುರುತುಗಳು: ಕೊಡ, ಏಣಿ, ಗಿಳಿ, ಬಾಚಣಿಗೆ. "ಗಿಳಿ ಅಂದ್ರ ಲಕ್ಕುಂಡಿ ಹೊಳೆಯಪ್ಪನ ಮದಿವಿ. ಹೆಣ್ಣಿನ ಸೀರ್ಯಾಗ ಗಿಳಿ ಇದ್ದುವು," ಎಂದು ಅವಳು ಹೇಳಿದರೆ ವಿದ್ಯಾಶ್ರೀ ಟೈಪು ಮಾಡುತ್ತಿದ್ದಳು. ಆದರೆ ಮೂವತ್ತೊಂದು ಲಕೋಟೆಗಳನ್ನು ಸುಮಿತ್ರವ್ವ ಯಂತ್ರಕ್ಕೆ ಕೊಟ್ಟಿರಲಿಲ್ಲ. "ಅವು ನೀರ್ ಬಿದ್ದು ಕೆಟ್ಟಾವ ತಗಿ" ಎಂದು ಬಿಸ್ಕೀಟಿನ ಡಬ್ಬಿಯೊಳಗೆ ತುಂಬಿ, ಸ್ಟೂಲಿನ ಕೆಳಗೆ ಇಟ್ಟುಕೊಂಡಿದ್ದಳು.

ಕೆಟ್ಟಾವ ಎಂದು ಈಗಲೂ ಹೇಳಬಹುದಿತ್ತು. ಹಾಗೆಂದಿದ್ದರೆ ಉಳವಪ್ಪ ಟವೆಲ್ಲು ಮಡಚಿಕೊಂಡು ಮುಂಡರಗಿಯ ಬಸ್ಸು ಹತ್ತುತ್ತಿದ್ದ. ಆದರೆ ಅವನು ಈಗ ಪಟದ ಆ ಎರಡು ತೂತುಗಳನ್ನು ಅಂಗೈಯಿಂದ ಮುಚ್ಚಿಕೊಂಡು ಉಳಿದ ಮುಖವನ್ನಷ್ಟೇ ನೋಡುತ್ತಿದ್ದ. ಸುಮಿತ್ರವ್ವ ಬಾಗಿ ಡಬ್ಬಿ ತೆಗೆದಳು.

"ಅತ್ತಿ, ಅವು ಕೆಟ್ಟಾವಂದಿದ್ರಿ?" ಎಂದಳು ವಿದ್ಯಾಶ್ರೀ; ಸಣ್ಣಂದಿನಿಂದಲೂ ಅವಳು ಸುಮಿತ್ರವ್ವನನ್ನು ಹಾಗೇ ಕರೆಯುತ್ತಿದ್ದಳು.

"ಸುಳ್ಳ ಹೇಳಿದ್ದೆ ಮಗಳ. ಇದನ್ನ ಹಾಕು."

ಲಕೋಟೆಯ ಮೇಲೆ ಕೂಸಿನ ಕುಂಚಿಗೆ ಬರೆದಿತ್ತು, ಬೆನ್ನ ಮೇಲೆ ಇಳಿಬೀಳುವ ಪಟ್ಟಿಯೊಂದಿಗೆ.

ಸ್ಕ್ಯಾನರು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಐದಾರು ನಿಮಿಷ ಹಿಡಿಯಿತು. ಪೆನ್‌ಡ್ರೈವಿನಿಂದ ಹೊಸ ಕಂಪ್ಯೂಟರಿಗೆ ಹಾಕಿ ವಿದ್ಯಾಶ್ರೀ ಫೋಟೋ ತೆರೆದಳು. ತೆರೆದವಳು ಮೌಸಿನ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡಳು.

ಗೋಡೆಗೆ ಆನಿಸಿ ಕೂಡ್ರಿಸಿದ ಹೆಣ್ಣುಮಗಳು. ಕೊರಳ ತುಂಬ ಚೆಂಡುಹೂವಿನ ಮಾಲೆ. ಅದೇ ನತ್ತು, ಅದೇ ಕುಂಕುಮ. ಕಣ್ಣು ಮುಚ್ಚಿತ್ತು. ತೊಡೆಯ ಮೇಲೆ ಒಂದು ಕೂಸನ್ನು ಮಲಗಿಸಿದ್ದರು. ತಲೆಗೆ ಕುಂಚಿಗೆ, ಬಾಯಿ ತೆರೆದು ಅಳುತ್ತಿತ್ತು. ಅದು ಉರುಳದಂತೆ ಪಕ್ಕದಿಂದ ಯಾರದೋ ಬಳೆಯ ಕೈ ಹಿಡಿದಿತ್ತು.

ಉಳವಪ್ಪ ಪರದೆಯ ಹತ್ತಿರ ಹೋದ.

"ಯಾರ್ದರಿ ಈ ಕೂಸು?"

"ನೀನs ಅಪ್ಪಾ," ಎಂದಳು ಸುಮಿತ್ರವ್ವ.

"ಹಂಗಾರ ಅವ್ವ ಬಸ್ಸಿಗೆ ಬಂದಿದ್ದು?"

"ಬಂದಿದ್ದಿಲ್ಲ. ನಮ್ಮ ಪುಂಡಲೀಕಪ್ಪನs ನಿಮ್ಮೂರಿಗೆ ಹೋಗಿದ್ದ. ನಿಮ್ಮ ಆಯಿ ಪಟ ಒಯ್ಯಾಕ ಬಂದಾಗ, ಸತ್ತಾಕಿ ತೊಡಿ ಮ್ಯಾಲೆ ಕೂಸು ಒಳ್ಳೇದಲ್ಲ, ತಗದ ಒಗೀರಿ ಅಂದ್ಲು. ಕಣ್ಣ ತೆರಸ್ರಿ ಅಂದ್ಲು. ನಾ ಮುಖಾ ಅಷ್ಟ ಉಳಿಸಿ ನಿನ್ನ ಕತ್ತರಿಸಿದೆ. ಕಣ್ಣು..." ಅವಳು ಕನ್ನಡಕ ಸರಿಮಾಡಿಕೊಂಡಳು. "ಕಣ್ಣ ನಿಮ್ಮವ್ವಂದಲ್ಲ. ಕನ್ನಡಿ ನೋಡಿ ನಂದs ಬರದಿದ್ದೆ."

ಹೊರಗೆ ಆಟೋ ಒಂದು ಹಾರ್ನು ಒತ್ತಿಕೊಂಡು ಹೋಯಿತು. ಉಳವಪ್ಪ ಬೈಯುತ್ತಾನೆ ಎಂದು ವಿದ್ಯಾಶ್ರೀ ಕಾದಳು. ಸುಮಿತ್ರವ್ವನೂ ಕಾದಳು, ಬೈದಿದ್ದರೆ ಬೇಷಿತ್ತು.

"ದಿನಾ ಅಂಗಡಿಗೆ ಹೋಗೂ ಮುಂದ ಕೈ ಮುಗೀತಿದ್ದೆರಿ ಆ ಕಣ್ಣಿಗೆ," ಎಂದ ಅವನು, ಪರದೆಯಿಂದ ದೃಷ್ಟಿ ತೆಗೆಯದೆ. "ಆವತ್ತ ಸಣ್ಣಾವ ಇದ್ದೆ, ಹೇಳಿದ್ರಿ. ಆತು. ಆಮ್ಯಾಲೆ ಮೂವತ್ತ ವರ್ಷ ಇದ ಹಾದ್ಯಾಗ ಅಡ್ಡಾಡೇನಿ. ಒಂದ್ ದಿನಾರೆ ಕರದು ಹೇಳ್ಲಿಲ್ಲಲ್ಲ ಅವ್ವಾರ. ನಮ್ಮವ್ವನ ತೊಡಿ ಮ್ಯಾಲೆ ನಾನೂ ಇದ್ದೆ ಅಂತ."

ಆ ಒಂದು ಮಾತು ಸುಮಿತ್ರವ್ವನಿಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಅವಳು ಹೆದರಿದ್ದು ಕಣ್ಣಿಗೆ. ಕೂಸನ್ನು ಕತ್ತರಿಸಿದ್ದನ್ನು ಅವಳು ತಪ್ಪೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ವಿದ್ಯಾಶ್ರೀಗೆ ಏನಾದರೂ ಮಾಡದೆ ಇರಲಾಗಲಿಲ್ಲ; ಫೋಟೋದ ವಿವರ ತುಂಬುವ ಜಾಗ ತೆರೆದಳು. ಎಲ್ಲಿ ಮುಖ ಕಂಡರೂ ಆ ಪ್ರೋಗ್ರಾಮು ತಾನೇ ಒಂದು ಚೌಕ ಹಾಕಿ 'ಇವರು ಯಾರು?' ಎಂದು ಕೇಳುತ್ತಿತ್ತು. ಅಳುವ ಕೂಸಿನ ಮುಖದ ಸುತ್ತ ಚೌಕ ಮೂಡಿತು. ತಾಯಿಗೆ ಮೂಡಲಿಲ್ಲ.

"ಕಣ್ಣ ಮುಚ್ಚೇತಿ ಅಂತ ಅದಕ್ಕ ಮುಖಾ ತಿಳಿವಲ್ತ್ರಿ," ಎಂದಳು ಮೆಲ್ಲಗೆ. "ಕೈಲೆ ಹಾಕಬೇಕು."

"ನಾ ಹಾಕ್ಲ್ಯಾ?"

ಗೊಬ್ಬರದ ಚೀಲ ಎತ್ತಿ ದಪ್ಪಗಾದ ಬೆರಳುಗಳಿಗೆ ಮೌಸು ಹಿಡಿತಕ್ಕೆ ಸಿಗಲಿಲ್ಲ. ಚೌಕ ನೆತ್ತಿಯಿಂದ ಹೊರಟು, ಮಾಲೆ ದಾಟಿ, ತೊಡೆಯವರೆಗೂ ಇಳಿಯಿತು. ಕೂಸೂ ಅದರೊಳಗೆ ಬಂತು. ಸಣ್ಣದು ಮಾಡಲು ವಿದ್ಯಾಶ್ರೀ ಕೈ ಮುಂದೆ ಮಾಡಿದಳು.

"ಇರ್ಲಿ ಬಿಡ್ರಿ," ಎಂದ. "ಸಿದ್ದಲಿಂಗವ್ವ ಅಂತ ಬರೀರಿ."

ಬರೆದಳು. ಊರು ಬರೆದಳು. "ತಾರೀಖರಿ?"

ಉಳವಪ್ಪ ಯೋಚಿಸಿದ. "ನಾ ಹುಟ್ಟಿದ್ದನ್ನ ಸಾಲಿ ಮಾಸ್ತರು ಜೂನ್ ಒಂದಂತ ಬರಕೊಂಡಾರ, ಖರೇದು ಯಾರಿಗೂ ಗೊತ್ತಿಲ್ಲ. ಅವ್ವ ಹೋಗಿದ್ದನ್ನ ಮನ್ಯಾಗ ಯಾರೂ ಬಾಯಿ ಬಿಡ್ತಿರ್ಲಿಲ್ಲ. ಆಯೀನೂ ಹ್ವಾದ್ಲು." ಫೋಟೋ ತೆರೆದ ಮೇಲೆ ಮೊದಲ ಸಲ ಅವನು ಸುಮಿತ್ರವ್ವನ ಕಡೆ ತಿರುಗಿದ. "ನಿಮಗ ನೆನಪೈತೇನ್ರಿ? ಯಾವ ತಿಂಗಳಾರೆ?"

ಗಿಳಿಯ ಸೀರೆ ನೆನಪಿಟ್ಟವಳು, ನಾನೂರು ಲಕೋಟೆಗಳ ಹೆಸರು ಬಾಯಲ್ಲಿ ಹೇಳಿದವಳು, ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕುಂಚಿಗೆಯೊಂದನ್ನು ಬಿಟ್ಟು ಅದರ ಮೇಲೆ ಏನೂ ಇರಲಿಲ್ಲ. ಅಂಕಿ ಬರೆಯಲು ಆಗ ಅವಳಿಗೆ ಬರುತ್ತಿರಲಿಲ್ಲ.

"ಇಲ್ಲಪ್ಪಾ," ಎಂದಳು.

ಅವನು ತಲೆಯಾಡಿಸಿದ. ಹೊಸ ಪ್ರತಿ ಯಂತ್ರದಿಂದ ಬರುವವರೆಗೂ ನಿಂತೇ ಇದ್ದ. ಬಂದ ಮೇಲೆ ಎರಡು ರಟ್ಟಿನ ನಡುವೆ ಇಟ್ಟು, ಟವೆಲ್ಲಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಮೆಟ್ಟಿಲು ಇಳಿದ.

"ಅಣ್ಣಾರ, ನಿಮ್ಮ ಹಳೇ ಪಟ?" ವಿದ್ಯಾಶ್ರೀ ಕೂಗಿದಳು.

"ಅದು ಅವ್ವಾರ ಕಡೇನ ಇರ್ಲಿರಿ," ಎಂದ ಉಳವಪ್ಪ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ಹೋಗುವ ಆಟೋ ನಿಲ್ಲಿಸಿ ಹತ್ತಿದ.

ಸುಮಿತ್ರವ್ವ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಜು ಒರೆಸತೊಡಗಿದಳು. ಒರೆಸಿದ ಕಡೆಯೇ ಮತ್ತೆ ಒರೆಸಿದಳು. ಕಾಲಬುಡದಲ್ಲಿ ಡಬ್ಬಿ ತೆರೆದೇ ಇತ್ತು. ಅದರೊಳಗೆ ಅವಳು ಕಣ್ಣು ತೆರೆಸಿದವರ ಇನ್ನೂ ಮೂವತ್ತು ಲಕೋಟೆಗಳು.

"ಅತ್ತಿ," ಎಂದಳು ವಿದ್ಯಾಶ್ರೀ ಪರದೆಯ ಮುಂದಿನಿಂದ, "ತಾರೀಖಿಂದು ಏನ್ ಮಾಡ್ಲಿ? ಖಾಲಿ ಬಿಟ್ರ ಇದು ತಗೋವಲ್ದು. ೨೦೦೨ರ ಜನವರಿ ಒಂದs ತೋರಸಾಕತ್ತೈತಿ."

ಸುಮಿತ್ರವ್ವ ಗಾಜು ಒರೆಸುತ್ತಲೇ ಇದ್ದಳು.